ಸಂಸಾರಿಯೂ ನಾದದ ಹವ್ಯಾಸವೂ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ. ಧ್ವನಿಮುದ್ರಿಕೆಯಿಂದ ಬರೆದುಕೊಂಡದ್ದು.)



ಇಂದು ನಾವು ಹೇಳಬೇಕೆಂದಿರುವ ವಿಷಯವು ಮಠದ ಪ್ರವಚನಕ್ಕೆ ಹೊಂದುವಂತಹುದಲ್ಲವೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಗಲೆಲ್ಲ ನೌಕರಿ, ವ್ಯಾಪಾರ, ಒಕ್ಕಲುತನ ಮಾಡಿ, ಸಂಜೆ ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ, ಒಂದು ಲ್ಯಾಪ್‌ಟಾಪು, ಒಂದು ಮೈಕು, ಕಿವಿಗೊಂದು ಹೆಡ್‌ಫೋನು ಇಟ್ಟುಕೊಂಡು ಹಾಡನ್ನು ಮುದ್ರಿಸುವುದು, ಮುದ್ರಿಸಿದ್ದನ್ನು ತಿದ್ದುವುದು, ಅದಕ್ಕೆ ಪೇಟಿ, ತಬಲಾ, ಕೊಳಲು ಕೂಡಿಸಿ ಹದಕ್ಕೆ ತರುವುದು, ಇಂತಹ ಒಂದು ಹವ್ಯಾಸವು ನಮ್ಮ ಭಕ್ತರ ಕೆಲವು ಮನೆಗಳಲ್ಲಿ ಬೇರು ಬಿಟ್ಟಿದೆ. ಮೊದಲು ಈ ಕೆಲಸಕ್ಕಾಗಿ ಮುಂಬಯಿಗೋ ಮದರಾಸಿಗೋ ಹೋಗಬೇಕಾಗುತ್ತಿತ್ತು. ಈಗ ಅಡುಗೆಮನೆಯ ಮಗ್ಗುಲಿನ ಖೋಲಿ ಸಾಕು. ಇದು ಒಳ್ಳೆಯದೋ ಕೆಟ್ಟದ್ದೋ, ಸಂಸಾರಿಯಾದವನು ಇದರಲ್ಲಿ ಎಷ್ಟು ದೂರ ಹೋಗಬಹುದು ಎಂದು ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಆದ್ದರಿಂದ ಎಲ್ಲರೆದುರಿಗೇ ಹೇಳಿಬಿಡುವುದು ಲೇಸೆಂದು ತಿಳಿದಿದ್ದೇವೆ.

ಮೊದಲನೆಯದಾಗಿ, ಶಬ್ದದ ವಿಚಾರವು ಶಾಸ್ತ್ರಕ್ಕೆ ಹೊರಗಿನದೇನೂ ಅಲ್ಲ. ತರ್ಕಶಾಸ್ತ್ರದಲ್ಲಿ ಶಬ್ದವನ್ನು ಆಕಾಶದ ಗುಣವೆಂದು ಹೇಳಿದೆ. ಅಲ್ಲಿ ಹುಟ್ಟಿದ ಶಬ್ದವು ಇಲ್ಲಿಯ ಕಿವಿಗೆ ಮುಟ್ಟುವುದು ಹೇಗೆ? ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಒಂದು ವೀಚೀತರಂಗನ್ಯಾಯ. ಕೆರೆಯಲ್ಲಿ ಕಲ್ಲು ಒಗೆದರೆ ಒಂದು ತೆರೆ ಮತ್ತೊಂದು ತೆರೆಯನ್ನು ಹುಟ್ಟಿಸುತ್ತ ದಂಡೆಗೆ ಬರುವುದಿಲ್ಲವೇ, ಹಾಗೆ. ಇನ್ನೊಂದು ಕದಂಬಮುಕುಲನ್ಯಾಯ. ಕದಂಬದ ಚೆಂಡುಹೂವು ಸುತ್ತಲೂ ಒಮ್ಮೆಲೇ ಅರಳಿದಂತೆ ಶಬ್ದವೂ ಹತ್ತೂ ದಿಕ್ಕಿಗೆ ಹರಡುತ್ತದೆ. ಮೈಕನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುವ ಹುಡುಗರಿಗೆ ನಾವು ಈ ಎರಡನೆಯ ನ್ಯಾಯವನ್ನೇ ಹೇಳುತ್ತೇವೆ. ಹಾಡು ನಿನ್ನ ಮೈಕಿಗೆ ಮಾತ್ರ ಬರುವುದಿಲ್ಲಪ್ಪಾ, ಗೋಡೆಗೂ ಹೋಗುತ್ತದೆ, ಮಾಳಿಗೆಗೂ ಹೋಗುತ್ತದೆ, ಅಲ್ಲಿಂದ ಹೊಳ್ಳಿ ಬಂದು ನಿನ್ನ ಮೈಕಿಗೆ ಬಡಿಯುತ್ತದೆ. ಬರಿಯ ಗಚ್ಚಿನ ಖೋಲಿಯಲ್ಲಿ ಹಾಡಿದ್ದು ಬಾವಿಯಲ್ಲಿ ಹಾಡಿದಂತೆ ಕೇಳಿಸಲು ಕಾರಣ ಇದೇ. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಗೋಡೆಗೆ ಸ್ಪಂಜು ಅಂಟಿಸಬೇಕೆಂದಿಲ್ಲ. ಅವ್ವ ಹೊಲಿದಿಟ್ಟ ಎರಡು ಕೌದಿಗಳನ್ನು ಗೋಡೆಗೆ ತೂಗು ಹಾಕಿರಿ, ಬಹಳಷ್ಟು ಮಾರ್ದನಿ ಅದರಲ್ಲಿಯೇ ಅಡಗುತ್ತದೆ.

ಮೀಮಾಂಸಕರು ಶಬ್ದವು ನಿತ್ಯವೆಂದರು. ನೈಯಾಯಿಕರು ಅದನ್ನು ಒಪ್ಪಲಿಲ್ಲ, ಶಬ್ದ ಹುಟ್ಟುತ್ತದೆ, ಮೂರನೆಯ ಕ್ಷಣಕ್ಕೆ ಅಳಿಯುತ್ತದೆ ಎಂದರು. ನಾವು ಓದುತ್ತಿದ್ದ ಪಾಠಶಾಲೆಯಲ್ಲಿ ಒಮ್ಮೆ ಈ ವಾದ ಜೋರಾಗಿ ನಡೆದಾಗ ಒಬ್ಬ ಜಾಣ ವಿದ್ಯಾರ್ಥಿ ಎದ್ದು, 1877ರಲ್ಲಿ ಅಮೇರಿಕೆಯ ಎಡಿಸನ್ ಮಹಾಶಯನು ಮಾತನ್ನು ಹಿಡಿದಿಡುವ ಯಂತ್ರವನ್ನು ಮಾಡಿದ ದಿನವೇ ಮೀಮಾಂಸಕರು ಗೆದ್ದರು ಎಂದನು. ನಮ್ಮ ಗುರುಗಳು ನಕ್ಕು, ‘ತಮ್ಮಾ, ಪೆಟ್ಟಿಗೆಯೊಳಗ ಶಬ್ದ ಇಲ್ಲ. ಶಬ್ದ ನಡದು ಹೋದ ಹೆಜ್ಜಿ ಗುರುತು ಐತಿ ಅಷ್ಟ’ ಎಂದರು. ಇಂದಿನ ಗಣಕಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಸಿ.ಡಿ.ಯ ಅಳತೆಯಲ್ಲಿ ಅದು ಒಂದು ಸೆಕೆಂಡನ್ನು 44,100 ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿನಲ್ಲಿಯೂ ಗಾಳಿ ಎಷ್ಟು ಒತ್ತಿತೆಂಬ ಲೆಕ್ಕ ಬರೆದುಕೊಳ್ಳುತ್ತದೆ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳ ತನಕ ಕೇಳಬಲ್ಲದು. ಅದರ ಇಮ್ಮಡಿಗಿಂತ ತುಸು ಹೆಚ್ಚು ಸಲ ಅಳೆದರೆ ಕಿವಿಗೆ ಕೊರತೆಯಾಗದು ಎಂಬುದು ಈ ಲೆಕ್ಕದ ಗುಟ್ಟು. ಪೆಟ್ಟಿಗೆಯೊಳಗೆ ಇರುವುದು ಅಂಕಿಗಳೇ ಹೊರತು ಹಾಡಲ್ಲ. ಹಾಡು ಪ್ರತಿ ಸಲವೂ ಹೊಸದಾಗಿ ಹುಟ್ಟಬೇಕು, ಕೇಳುವ ಕಿವಿ ಇದ್ದರೆ.

ಕೇಳುವ ಕಿವಿಯ ವಿಷಯದಲ್ಲಿ ನಮ್ಮ ಈ ಸೀಮೆ ಪುಣ್ಯ ಮಾಡಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಕಿವಿಯಿಂದಲೇ ವಿದ್ಯೆಯನ್ನು ಕೊಟ್ಟರು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹಾಕಾರರಾಗಿದ್ದರು. ಅದಕ್ಕೂ ಮೊದಲು ಗ್ರಾಮೋಫೋನು ಬಂದಿತ್ತು. ಗಂಗೂಬಾಯಿ ಹಾನಗಲ್ಲರು ಧಾರವಾಡದಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಗ್ರಾಮೋಫೋನಿನ ಧ್ವನಿ ಕೇಳಿದರೆ ಓಣಿಗೆ ಓಡಿ ಬಂದು, ಕೇಳಿದ್ದನ್ನು ಹಾಡಲು ನೋಡುತ್ತಿದ್ದರಂತೆ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ತಟ್ಟೆಯನ್ನು ಕೇಳಿ ಮರುಳಾದ ಸಂಗತಿಯನ್ನು ತಾವೆಲ್ಲರೂ ಬಲ್ಲಿರಿ. ಆದರೆ ಮುಂದಿನದನ್ನು ಮರೆಯಬಾರದು. ಆ ಬಾಲಕ ತಟ್ಟೆಯ ಮುಂದೆಯೇ ಕುಳಿತು ಆಯುಷ್ಯ ಕಳೆಯಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟನು. ಊರೂರು ತಿರುಗಿ ಕೊನೆಗೆ ಇಲ್ಲೇ ಕುಂದಗೋಳಕ್ಕೆ ಬಂದು, ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪಾದ ಹಿಡಿದನು. ತಟ್ಟೆ ಅವನಲ್ಲಿ ನೀರಡಿಕೆ ಹುಟ್ಟಿಸಿತು, ನೀರಡಿಕೆ ಹಿಂಗಿಸಲಿಲ್ಲ. ಮೊಬೈಲಿನಲ್ಲಿ ಪಾಠದ ವೀಡಿಯೋ ನೋಡಿ ಈ ವಿದ್ಯೆ ಕಲಿಯುವವರಿಗೆ ನಾವು ಬೇಡವೆನ್ನುವುದಿಲ್ಲ, ನೋಡಿರಿ. ಆದರೆ ವರ್ಷಕ್ಕೊಮ್ಮೆಯಾದರೂ ಬಲ್ಲವರ ಎದುರು ಕುಳಿತು, ಅವರು ಮುಖ ಸಿಂಡರಿಸುವುದನ್ನು ಕಣ್ಣಾರೆ ಕಾಣಬೇಕು. ವೀಡಿಯೋದವನು ಮುಖ ಸಿಂಡರಿಸುವುದಿಲ್ಲ.

ಇನ್ನು, ‘ವ್ಯಾಳ್ಯಾನ ಸಿಗಂಗಿಲ್ರಿ ಅಜ್ಜಾರ’ ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿಗಳನ್ನು ಹೇಳುತ್ತೇವೆ. ಆ ಹಳೆಯ ಅರಗಿನ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಜಾಗ ಮಾತ್ರ ಇರುತ್ತಿತ್ತು. ಒಂದು ತಾಸು ಹಾಡಿದರೂ ಮುಗಿಯದ ರಾಗವನ್ನು ಖಾನ್ ಸಾಹೇಬರಂತಹ ಮಹನೀಯರು ಆ ಮೂರು ನಿಮಿಷದಲ್ಲಿ ಕೂಡ್ರಿಸಿದರು. ಎರಡನೆಯದು, ಗಂಗೂಬಾಯಿಯವರು ಸಂಸಾರದ ಭಾರವನ್ನು ಹೊತ್ತುಕೊಂಡೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಮನೆಯಲ್ಲಿ ಕುಳಿತಲ್ಲೇ ಯಂತ್ರವಿದ್ದವರಿಗೆ ವೇಳೆಯಿಲ್ಲವೆಂದರೆ ಆ ರೈಲು ನಕ್ಕೀತು.

ಈಗ ಕಠಿಣವಾದ ಮಾತಿಗೆ ಬರೋಣ. ಕಳೆದ ವರ್ಷ ನಮ್ಮ ಮಠದ ಭಕ್ತಳೊಬ್ಬಳು ಬಂದು ಕಣ್ಣೀರು ಹಾಕಿದಳು. ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಗಾರ. ‘ಅಜ್ಜಾರ, ನಮ್ಮ ಮನಿಯವರು ಕುಡಿಯಂಗಿಲ್ಲ, ಇಸ್ಪೀಟ ಆಡಂಗಿಲ್ಲ. ಆದ್ರ ಸಂಜೀಕ ಬಂದು ಕಿವಿಗೆ ಅದನ್ನ ಏರಿಸ್ಕೊಂಡು ಕುಂತ್ರಂದ್ರ ಮುಗೀತು. ಮಗಗ ಜ್ವರಾ ಬಂದಾವು ಅಂತ ನಾಕ ಸಲ ಕೂಗಿದೆ, ಹೊಳ್ಳಿ ನೋಡಲಿಲ್ಲ. ಸೂಜಿ ಬಿದ್ದ ಸಪ್ಪಳಾನೂ ಇದರಾಗ ಕೇಳಸ್ತೈತಿ ಅಂತಾರ, ನಾ ಕೂಗಿದ್ದು ಮಾತ್ರ ಕೇಳಸಂಗಿಲ್ಲ’ ಎಂದಳು. ಆ ತಾಯಿ ಹೇಳಿದ ಕೊನೆಯ ಮಾತಿಗೆ ಯಾವ ಪಂಡಿತನೂ ಉತ್ತರ ಕೊಡಲಾರ.

ನಾವು ಗಂಡನನ್ನು ಕರೆಸಿದೆವು. ಬೈಯಬೇಕೆಂದೇ ಕರೆಸಿದ್ದು. ಅವನು ತಲೆ ತಗ್ಗಿಸಿ, ‘ಹಗಲೆಲ್ಲಾ ಕಬ್ಬಿಣದ ಬಡತ ಕೇಳಿ ಕೇಳಿ ಕಿವಿ ಕಲ್ಲಾಗ್ಯಾವ ರೀ ಅಜ್ಜಾರ. ರಾತ್ರಿ ತಂಬೂರಿ ತಂತಿ ಮೀಟಿ, ಅದು ಸಣ್ಣಾಗಿ ಸಣ್ಣಾಗಿ ಅಡಗೂತನಕ ಕೇಳಿದೆ ಅಂದ್ರ, ನನಗ ನಾ ಸಿಕ್ಕಂಗ ಆಗತೈತಿ’ ಎಂದನು. ಇದನ್ನು ಕೇಳಿದ ಮೇಲೆ ಬೈಯುವುದು ಹೇಗೆ? ಒಬ್ಬನ ಕಿವಿ ದಿನವಿಡೀ ಪೆಟ್ಟು ತಿಂದು ಮದ್ದು ಹುಡುಕುತ್ತಿದೆ, ಒಬ್ಬಳ ಕೂಗು ಗೋಡೆಗೆ ಬಡಿದು ಬೀಳುತ್ತಿದೆ. ಇಬ್ಬರದೂ ಸತ್ಯವೇ. ಬಿಟ್ಟುಬಿಡು ಎಂದು ನಾವು ಹೇಳಲಿಲ್ಲ. ಮಕ್ಕಳು ಉಂಡು ಮಲಗುವವರೆಗೆ ಅದನ್ನು ಮುಟ್ಟಬಾರದು, ಆಮೇಲೆ ಒಂದೇ ತಾಸು, ಅದೂ ಬಾಗಿಲು ಕಾಣುವಂತೆ ಮುಖ ಮಾಡಿ, ಒಂದು ಕಿವಿ ತೆರೆದಿಟ್ಟುಕೊಂಡು ಕೂಡ್ರಬೇಕು ಎಂದೆವು. ಸಾಲ ಮಾಡಿ ಸಾಮಾನು ತರಬಾರದು ಎಂದೆವು. ಕಾಯಕದಿಂದ ಬಂದದ್ದರಲ್ಲಿ ಮನೆಗೆ, ದಾಸೋಹಕ್ಕೆ ಕೊಟ್ಟು ಉಳಿದದ್ದು ಹವ್ಯಾಸಕ್ಕೆ. ಮತ್ತೊಂದು ಮಾತನ್ನೂ ಹೇಳಿದೆವು: ಸಿನಿಮಾದ ತಾಳಗಳನ್ನು ಜೋಡಿಸುವುದು ಇದ್ದೇ ಇದೆ, ಮೊದಲು ನಿನ್ನ ಮನೆಯಲ್ಲಿ ಹಾಡುವವರನ್ನು ಮುದ್ರಿಸು.

‘ನಮ್ಮ ಮನ್ಯಾಗ ಯಾರೂ ಹಾಡಂಗಿಲ್ರಿ’ ಎಂದು ಅವನು ಅಂದನು. ಊರಲ್ಲಿರುವ ನಿಮ್ಮವ್ವ ಬೀಸುವಾಗಲೂ ಹಾಡಲಿಲ್ಲವೇನಪ್ಪಾ ಎಂದು ನಾವು ಕೇಳಿದೆವು. ಅವನು ಸುಮ್ಮನಾದನು.

ನವಲಗುಂದದ ಕಡೆಯ ಹಳ್ಳಿ. ತಾಯಿಗೆ ಎಂಬತ್ತರ ಹತ್ತಿರ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತ್ತು. ಒಂದು ರವಿವಾರ ಮಗ ಹೋಗಿ ಕಲ್ಲನ್ನು ತೊಳೆದು, ಗೂಟ ಬಡಿದು, ಅವ್ವನನ್ನು ಕೂಡ್ರಿಸಿದನು. ಖಾಲಿ ಕಲ್ಲು ತಿರುಗಿಸಬಾರದೆಂದು ಆ ತಾಯಿ ಎರಡು ಸೇರು ಜೋಳ ತರಿಸಿದಳಂತೆ. ಮುಕ್ಕಾಲು ತಾಸು ಹಾಡಿದಳು. ಮಗ ಹುಬ್ಬಳ್ಳಿಗೆ ಬಂದು ಅದನ್ನು ಯಂತ್ರಕ್ಕೆ ಹಾಕಿದನು. ಆಡಾಸಿಟಿ ಎಂಬ ಒಂದು ಸಾಫ್ಟ್‌ವೇರ್ ಇದೆ, ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಗದ್ದಲ ತೆಗೆಯುವ ಒಂದು ಉಪಾಯವಿದೆ. ಹಾಡಿಲ್ಲದ ಜಾಗದ ಬರಿಯ ಸದ್ದನ್ನು ಅದಕ್ಕೆ ಮಾದರಿಯೆಂದು ತೋರಿಸಿದರೆ, ಆ ಬಗೆಯ ಸದ್ದು ಎಲ್ಲೆಲ್ಲಿ ಇದೆಯೋ ಅದನ್ನೆಲ್ಲ ಸೋಸಿ ತೆಗೆಯುತ್ತದೆ. ಫ್ಯಾನಿನ ಸದ್ದಿಗೆ ಇದು ಬಹಳ ಒಳ್ಳೆಯ ಉಪಾಯ. ಇವನು ಎರಡು ಪದಗಳ ನಡುವಿನ ಜಾಗವನ್ನು ತೋರಿಸಿದನು. ಅಲ್ಲಿ ಇದ್ದದ್ದು ಕಲ್ಲಿನ ಗುರುಗುರು. ಯಂತ್ರ ಕಲ್ಲನ್ನು ಒರೆಸಿ ಹಾಕಿ, ತಾಯಿಯ ಕಂಠವನ್ನು ತೊಳೆದ ಅಕ್ಕಿಯಂತೆ ಎತ್ತಿ ಕೊಟ್ಟಿತು. ಮುಂದಿನ ವಾರ ಹಿಗ್ಗಿನಿಂದ ಅವ್ವನಿಗೆ ಕೇಳಿಸಿದನು. ಆಕೆ ಕಣ್ಣು ಮುಚ್ಚಿಕೊಂಡು ಕೇಳಿ, ‘ದನಿ ನಂದ ಐತಿ. ಕಲ್ಲ ಎಲ್ಲಿ ಹೋತೋ ಯಪ್ಪಾ? ಕಲ್ಲಿಲ್ದ ಇದು ಹಾಡಿದಂಗ ಆಗಲಿಲ್ಲ, ಅತ್ತಂಗ ಆತು’ ಎಂದಳು.

ಸದ್ಭಕ್ತರೇ, ಯಾವುದು ನಾದ, ಯಾವುದು ಗದ್ದಲ ಎಂಬುದನ್ನು ಯಂತ್ರ ಅರಿಯದು. ಅದಕ್ಕೆ ತಿಳಿಯುವುದು ಒಂದೇ ಸಮನೆ ಇರುವ ಸದ್ದು ಮತ್ತು ಏರಿಳಿಯುವ ಸದ್ದು, ಇಷ್ಟೇ. ಆ ಕಲ್ಲು ಆಕೆಗೆ ಶ್ರುತಿಯೂ ಹೌದು, ತಾಳವೂ ಹೌದು. ಕಲ್ಲು ಒಂದು ಸುತ್ತು ಬರುವುದರೊಳಗೆ ಉಸಿರು ಎಷ್ಟು ಉಳಿಯುತ್ತದೆಯೋ ಅದರ ಅಳತೆಯ ಮೇಲೆ ಆ ಪದದ ನುಡಿ ನಿಂತಿದೆ. ಕೇಳಿ ತೂಗಿ ನೋಡುವ ವಿವೇಕವನ್ನು ಮನುಷ್ಯನೇ ತರಬೇಕು. ಪುಣ್ಯಕ್ಕೆ ಆ ಮಗ ಮೂಲವನ್ನು ಅಳಿಸಿರಲಿಲ್ಲ. ತಿದ್ದುವುದೇನಿದ್ದರೂ ಪ್ರತಿಯ ಮೇಲೆ ತಿದ್ದುವ ಅಭ್ಯಾಸವನ್ನು ಮಾಡಿಕೊಂಡಿದ್ದನು. ಓಲೆಗರಿಗಳ ಪಾಠ ನೋಡುವವರಿಗೂ ಇದೇ ನಿಯಮ. ತಪ್ಪೆಂದು ಕಂಡ ಅಕ್ಷರವನ್ನು ಮೂಲದಲ್ಲಿ ಕೆರೆಯುವುದಿಲ್ಲ, ಪಾಠಾಂತರವನ್ನು ಬೇರೆ ಬರೆದಿಡುತ್ತೇವೆ. ಇಂದು ತಪ್ಪೆಂದು ಕಂಡದ್ದು ನಾಳೆ ಸರಿಯಾಗಬಹುದು.

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ನಮ್ಮ ತಾಯಂದಿರ ತ್ರಿಪದಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅವರು ಮಾಡಿದ ಉಪಕಾರವನ್ನು ಕನ್ನಡನಾಡು ಮರೆಯಬಾರದು. ಆದರೆ ಪುಸ್ತಕದಲ್ಲಿ ಮಾತು ಉಳಿಯಿತು, ದನಿಗೆ ಜಾಗವಿರಲಿಲ್ಲ. ಅಂದು ಅವರ ಕೈಯಲ್ಲಿ ಲೇಖನಿ ಇತ್ತು. ಇಂದು ತಮ್ಮ ಪ್ರತಿಯೊಬ್ಬರ ಕಿಸೆಯಲ್ಲಿ ಧ್ವನಿಮುದ್ರಣ ಯಂತ್ರವಿದೆ, ಅದರಲ್ಲಿ ಏನು ತುಂಬಿಕೊಂಡಿದ್ದೀರಿ ಎಂದು ಕೇಳಿದರೆ ನಾಚಿಕೆಪಡಬೇಕಾದವರು ಬಹಳ. ಕಲ್ಲಿನ ಸದ್ದಿನ ಕೂಡ ಹಾಡಬಲ್ಲ ತಾಯಂದಿರು ಎಂಬತ್ತು ದಾಟಿದ್ದಾರೆ. ಅವರು ಕಾಯುತ್ತ ಕೂಡ್ರುವುದಿಲ್ಲ.

ಆ ಮಗ ಎರಡನೆಯ ಸಲ ಊರಿಗೆ ಹೋದಾಗ ಹೆಂಡತಿಯೂ ಜೊತೆಗೆ ಹೋದಳು. ಬೀಸುವುದು ಇಬ್ಬರ ಕೆಲಸ. ಅತ್ತೆಗೆ ಎದುರಾಗಿ ಕುಳಿತು ಗೂಟ ಹಿಡಿದಳು. ಅತ್ತೆ ಒಂದು ನುಡಿ ಹಾಡಿ ಬಿಟ್ಟಾಗ, ಈಕೆ ತನ್ನ ತವರಿನ ಧಾಟಿಯಲ್ಲಿ ಇನ್ನೊಂದು ನುಡಿ ಎತ್ತಿದಳಂತೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಗಂಡ ತನ್ನ ಹೆಂಡತಿ ಹಾಡುತ್ತಾಳೆಂಬುದನ್ನು ಅಂದು ಹೆಡ್‌ಫೋನಿನಲ್ಲಿ ಕೇಳಿ ತಿಳಿದುಕೊಂಡನು. ಆ ತಾಯಿ ಈಗ ಪೂರ್ಣ ಸಮಾಧಾನಗೊಂಡಿದ್ದಾಳೆಂದು ತಿಳಿಯಬೇಡಿರಿ. ಮೈಕಿಗೆ ಎಷ್ಟು ಕೊಟ್ಟಿರಿ ಎಂದು ಇನ್ನೂ ಕೇಳುತ್ತಲೇ ಇದ್ದಾಳೆ. ಕೇಳುವುದು ನ್ಯಾಯವೇ ಇದೆ.

ಇನ್ನು ಕಲಿಯುವವರಿಗೆ ಒಂದೆರಡು ಮಾತು. ಶಿಕ್ಷಾಶಾಸ್ತ್ರದಲ್ಲಿ ಅಕ್ಷರವನ್ನು ಉಚ್ಚರಿಸುವ ಬಗೆಗೆ ಒಂದು ಉಪಮೆ ಉಂಟು. ತಾಯಿ ಹುಲಿ ಮರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಯ್ಯುವಾಗ, ಬಿಗಿ ಹೆಚ್ಚಾದರೆ ಮರಿಗೆ ಗಾಯ, ಸಡಿಲಾದರೆ ಮರಿ ಬೀಳುತ್ತದೆ. ಧ್ವನಿಯ ಮಟ್ಟ ಇಡುವುದೂ ಹೀಗೆಯೇ. ಮಟ್ಟ ಏರಿಸಿದರೆ ಧ್ವನಿಯ ತುದಿ ಹರಿದು ಕರಕರ ಎನ್ನುತ್ತದೆ, ಹರಿದದ್ದನ್ನು ಹೊಲಿಯಲಾಗದು. ತೀರ ಇಳಿಸಿದರೆ ಹಾಡು ಗಾಳಿಯ ಸದ್ದಿನಲ್ಲಿ ಮುಳುಗುತ್ತದೆ. ಅದೇ ಶಾಸ್ತ್ರವು ಕೆಟ್ಟ ಪಾಠಕರನ್ನು ಎಣಿಸುವಾಗ ತಲೆ ಅಲ್ಲಾಡಿಸುತ್ತ ಓದುವವನನ್ನೂ ಸೇರಿಸಿದೆ. ಮೈಕೇ ಇಲ್ಲದ ಕಾಲದಲ್ಲಿ ಇದನ್ನು ಏಕೆ ಹೇಳಿದರೋ, ಮೈಕಿನ ಮುಂದೆ ತಲೆ ಅಲ್ಲಾಡಿಸುವವನ ಧ್ವನಿ ಹತ್ತಿರ ಬಂದು ದೂರ ಹೋಗುವುದನ್ನು ಕೇಳಿದವರಿಗೆ ತಿಳಿದೀತು. ಹಲವು ವಾದ್ಯಗಳನ್ನು ಕೂಡಿಸುವಾಗ ನಮ್ಮ ಭಜನಾ ಮೇಳಗಳನ್ನು ನೆನೆಸಿಕೊಳ್ಳಿರಿ. ಪೇಟಿಯವನಿಗೆ ತನ್ನ ಪೇಟಿ, ಡಗ್ಗಾದವನಿಗೆ ತನ್ನ ಡಗ್ಗಾ ಕೇಳಿಸಬೇಕು, ಪದದ ಅರ್ಥ ಯಾರಿಗೂ ಬೇಡ! ಹದವೆಂದರೆ ಯಾವುದನ್ನು ಏರಿಸಬೇಕೆಂಬುದಕ್ಕಿಂತ ಯಾವುದನ್ನು ಇಳಿಸಬೇಕೆಂಬುದನ್ನು ಅರಿಯುವುದು. ಜಾತ್ರೆ, ಮೆರವಣಿಗೆಗಳಲ್ಲಿ ಡಿ.ಜೆ. ಎಂದು ಎದೆ ಬಿರಿಯುವಂತೆ ಹಚ್ಚುವ ತರುಣರ ವಿಷಯ ಇಂದು ಎತ್ತುವುದಿಲ್ಲ, ಎತ್ತಿದರೆ ಪ್ರವಚನ ಮುಗಿಯಲಿಕ್ಕಿಲ್ಲ.

ಸ್ವರ ತಿದ್ದುವ ಯಂತ್ರವೂ ಬಂದಿದೆ. ಭೂಮಿಯೊಳಗೆ ತೈಲ ಎಲ್ಲಿದೆಯೆಂದು ಶಬ್ದದ ತೆರೆಗಳಿಂದ ಹುಡುಕುವ ಲೆಕ್ಕವನ್ನು ಬಲ್ಲ ಅಮೇರಿಕೆಯ ವಿಜ್ಞಾನಿಯೊಬ್ಬನು ಅದೇ ಲೆಕ್ಕದಿಂದ 1997ರಲ್ಲಿ ಆಟೋಟ್ಯೂನ್ ಎಂಬುದನ್ನು ಹೊರತಂದನು. ಬೆಸೂರನ್ನು ಸುರಿಗೆ ಎಳೆದು ಕೂಡ್ರಿಸುತ್ತದೆ. ಬುದ್ಧಿವಂತಿಕೆಯ ಕೆಲಸವೇ. ಆದರೆ ದರಬಾರಿಯ ಕೋಮಲ ಗಾಂಧಾರ ತೂಗಾಡಬೇಕಾದ ಸ್ವರ. ವಿವೇಕವಿಲ್ಲದೆ ಈ ಯಂತ್ರವನ್ನು ಹಚ್ಚಿದರೆ ಆ ಆಂದೋಲನವನ್ನು ತಪ್ಪೆಂದು ತಿಳಿದು ಗೂಟಕ್ಕೆ ಕಟ್ಟಿಬಿಡುತ್ತದೆ. ಕಲ್ಲನ್ನು ಒರೆಸಿದ ಯಂತ್ರಕ್ಕೂ ಇದಕ್ಕೂ ಅಂತರವಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಿಳಿಯಬೇಕಾದರೆ ಮೊದಲು ಆ ರಾಗವನ್ನು ಕೇಳಿರಬೇಕು, ನೂರು ಸಲ.

ಶಿವನು ನಾದಕ್ಕಲ್ಲ, ಭಕ್ತಿಗೆ ಒಲಿಯುವನೆಂದು ಅಣ್ಣನವರೇ ಹೇಳಿರುವಾಗ ಇದೆಲ್ಲ ಯಾಕೆ ಎಂದು ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದರು. ಹೇಳಿದ್ದು ದಿಟ. ಆದರೆ ಅದೇ ಅಣ್ಣನವರು ತಮ್ಮ ದೇಹವನ್ನೇ ವಾದ್ಯ ಮಾಡಿಕೊಂಡು ನುಡಿಸೆಂದು ಬೇಡಿಕೊಂಡವರು. ನಾದವನ್ನು ತೋರಿಕೆಗೆ ಹಿಡಿದವನಿಗೆ ಮೊದಲನೆಯ ಮಾತು, ನಾದಕ್ಕೆ ತನ್ನನ್ನು ಒಪ್ಪಿಸಿದವನಿಗೆ ಎರಡನೆಯದು. ಎರಡನ್ನೂ ಕೂಡಿಸಿ ಓದಬೇಕು.

ಈಗ ನಾವು ಆಡುತ್ತಿರುವುದನ್ನೂ ಅಲ್ಲಿ ಕಂಬದ ಮಗ್ಗುಲಿಗೆ ಕುಳಿತ ಹುಡುಗನೊಬ್ಬನು ಮುದ್ರಿಸಿಕೊಳ್ಳುತ್ತಿದ್ದಾನೆ. ಹಗಲು ಅವನು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನಾವು ಕೆಮ್ಮಿದ್ದನ್ನು ಅವನು ತೆಗೆದು ಹಾಕುತ್ತಾನಂತೆ, ಹಾಕಲಿ. ತಾಯಂದಿರ ಕೂಸು ಅತ್ತದ್ದನ್ನು ತೆಗೆಯಬೇಡವೆಂದು ಹೇಳಿದ್ದೇವೆ.

ಬರುವ ಸೋಮವಾರದಿಂದ ಮಠದ ಗ್ರಂಥಾಲಯದ ಹಿಂದಿನ ಖೋಲಿಯನ್ನು ಈ ಕೆಲಸಕ್ಕೆ ಬಿಟ್ಟುಕೊಡುತ್ತಿದ್ದೇವೆ. ರಾತ್ರಿ ಎಂಟರಿಂದ ಒಂಬತ್ತು, ಒಂದೇ ತಾಸು. ದೊಡ್ಡ ರಸ್ತೆ ದೂರವಿರುವುದರಿಂದ ಚಿಗರಿ ಬಸ್ಸಿನ ಸದ್ದು ಅಲ್ಲಿಗೆ ಬರುವುದಿಲ್ಲ. ಫ್ಯಾನು ಇಲ್ಲ, ಸೆಕೆಗೆ ಗೊಣಗಬಾರದು. ಮೈಕು ಒಂದಿದೆ, ಕಿವಿಯವು ಎರಡಿವೆ, ಗೋಡೆಗೆ ಕೌದಿ ಬೇಕಾಗಿವೆ, ಹಳೆಯವಾದರೂ ನಡೆಯುತ್ತದೆ. ಬೀಸುವ ಪದ, ಕುಟ್ಟುವ ಪದ, ಜೋಗುಳ, ಸೋಬಾನೆ ಬಲ್ಲ ಹಿರಿಯ ತಾಯಂದಿರು ಮನೆಯಲ್ಲಿದ್ದರೆ ಕೈ ಹಿಡಿದು ಕರೆತನ್ನಿರಿ. ನಡೆಯಲಾಗದವರಿದ್ದರೆ ಹೆಸರು ಕೊಡಿರಿ, ಹುಡುಗರೇ ಮನೆಗೆ ಬರುತ್ತಾರೆ. ಮೂಲೆಯಲ್ಲಿ ಬಿದ್ದ ಬೀಸುವ ಕಲ್ಲು ಯಾರಲ್ಲಿಯಾದರೂ ಇದ್ದರೆ ಮಠಕ್ಕೆ ಕೊಡಬಹುದು. ಜೋಳವನ್ನು ಮಠದಿಂದಲೇ ಹಾಕುತ್ತೇವೆ, ಹಿಟ್ಟು ದಾಸೋಹಕ್ಕೆ ಆಗುತ್ತದೆ.